ಗುಡ್ಡದ ಅನುಭವಕ್ಕೆ ಧನಬಾದಿನ ಮುದ್ರೆ

ಸಂಡೂರಿನ ಗುಡ್ಡಗಳಲ್ಲಿ ಅದಿರು ಅಗೆಯುವವರ ಪಾಲಿಗೆ ಓದು ಮುಗಿದ ಮೇಲೆ ದುಡಿಮೆ ಎಂಬ ಕ್ರಮ ಎಂದೂ ಪೂರ್ತಿ ಅನ್ವಯಿಸಿದ್ದಿಲ್ಲ. ಪಾಳಿಯಲ್ಲಿ ಕಳೆದ ವರ್ಷಗಳನ್ನೇ ಅರ್ಹತೆಯ ಲೆಕ್ಕಕ್ಕೆ ಹಿಡಿದು, ಅದರ ಮೇಲೆ ಪರೀಕ್ಷೆಯನ್ನೂ ನಡೆಸಿ, ಗಣಿಯನ್ನು ಕಾನೂನುಬದ್ಧವಾಗಿ ನಡೆಸುವ ಅಧಿಕಾರ ಕೊಡುವ ಪದ್ಧತಿಯೊಂದು ಇಲ್ಲಿ ಹಲವು ದಶಕಗಳಿಂದ ಜಾರಿಯಲ್ಲಿದೆ. ಕಡತಗಳಲ್ಲಿ ಇದಕ್ಕೆ ಸಾಮರ್ಥ್ಯ ಪ್ರಮಾಣಪತ್ರ ಎಂದು ಹೆಸರು. ಗಣಿಯ ಮಂದಿಗೆ ಮಾತ್ರ ಅದು ಬರೀ ‘ಸರ್ಟಿಫಿಕೇಟು’.

ಪದ್ಧತಿಯ ಬೇರು ಕನ್ನಡ ನೆಲದ ಒಂದು ದುರಂತದವರೆಗೆ ಹೋಗುತ್ತದೆ. 1897ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ 52 ಮಂದಿ ಸತ್ತರು. ಅದರ ಬೆನ್ನಿಗೇ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಬಲಿಯಾದರು. ವರ್ಷಗಟ್ಟಲೆ ಕರಡಿನಲ್ಲೇ ಉಳಿದಿದ್ದ ಗಣಿ ಕಾಯ್ದೆಗೆ ಈ ಎರಡು ಅವಘಡಗಳಿಂದ ಚುರುಕು ಬಂದು, ಅದು 1901ರಲ್ಲಿ ಅಂಗೀಕಾರವಾಯಿತು, ಮರುವರ್ಷ ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿಯೂ ತೆರೆಯಿತು. 1908ರಲ್ಲಿ ಧನಬಾದಿಗೆ ಸ್ಥಳಾಂತರಗೊಂಡ ಆ ಕಚೇರಿಯೇ ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅಂದರೆ ಈ ಸರ್ಟಿಫಿಕೇಟಿಗೆ ಮುದ್ರೆ ಒತ್ತುವ, ಎಲ್ಲರ ಬಾಯಲ್ಲಿ ಓಡಾಡುವ ಡಿಜಿಎಂಎಸ್. ಆದರೆ 1901ರ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು, ಸಂಡೂರು ಘೋರ್ಪಡೆಯವರ ಸಂಸ್ಥಾನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಲ್ಜಿಯಂ ಮೂಲದ ಕಂಪನಿಯೊಂದು ಇಲ್ಲಿ ಮ್ಯಾಂಗನೀಸ್ ತೆಗೆಯತೊಡಗಿದ್ದರೂ, ಇಡೀ ದೇಶಕ್ಕೆ ಒಂದೇ ಎನ್ನಬಹುದಾದ ನಿಯಮದೊಳಕ್ಕೆ ಈ ಗುಡ್ಡಗಳು ಬಂದದ್ದು 1949ರಲ್ಲಿ ಸಂಸ್ಥಾನ ವಿಲೀನವಾಗಿ, 1952ರ ಗಣಿ ಕಾಯ್ದೆ ಜಾರಿಯಾದ ಬಳಿಕವೇ. ವೈ. ಆರ್. ಘೋರ್ಪಡೆಯವರ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ, 1954ರಲ್ಲಿ.

ಕಲ್ಲಿದ್ದಲು ಬಿಟ್ಟು ಉಳಿದ ಅದಿರುಗಳ ಗಣಿಗಳಿಗೆಂದು 1961ರಲ್ಲಿ ಬಂದ ನಿಯಮಾವಳಿ ಮೆಟ್ಟಿಲುಗಳನ್ನು ಖಚಿತಪಡಿಸಿತು. ಕೆಲಸದ ಜಾಗವನ್ನು ತಪಾಸಿಸಿ ಕಾರ್ಮಿಕರ ಗುಂಪಿನ ಸುರಕ್ಷತೆಗೆ ಹೊಣೆಯಾಗುವವನು ಮೇಟ್, ಮದ್ದು ತುಂಬಿ ಸಿಡಿಸುವವನು ಬ್ಲಾಸ್ಟರ್, ಇವರ ಮೇಲೆ ಫೋರ್‌ಮನ್, ಅದಕ್ಕೂ ಮೇಲೆ ಸೆಕೆಂಡ್ ಕ್ಲಾಸ್ ಮತ್ತು ಫಸ್ಟ್ ಕ್ಲಾಸ್ ಮ್ಯಾನೇಜರ್. ಒಂದೊಂದು ಮೆಟ್ಟಿಲಿಗೂ ಇಷ್ಟು ವರ್ಷದ ಗಣಿ ಅನುಭವ ಎಂಬ ಲೆಕ್ಕವಿದ್ದು, ಅದರ ಜೊತೆಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನೂ ವೈದ್ಯಕೀಯ ಅರ್ಹತೆಯನ್ನೂ ತೋರಿಸಬೇಕು. ಮೈನಿಂಗ್ ಡಿಪ್ಲೊಮಾ ಅಥವಾ ಪದವಿ ಇದ್ದವರಿಗೆ ಈ ವರ್ಷಗಳಲ್ಲಿ ರಿಯಾಯಿತಿ ಸಿಗುತ್ತದೆ, ಎಂದರೆ ಕಾಲೇಜಿನ ಓದು ಅನುಭವದ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಅದನ್ನು ಪೂರ್ತಿ ಅಳಿಸಿಹಾಕುವುದಿಲ್ಲ.

ದುಡಿಯುತ್ತಲೇ ಓದಿ ಇಂಜಿನಿಯರ್ ಎನಿಸಿಕೊಳ್ಳಲು ಇನ್ನೊಂದು ದಾರಿಯೂ ಇತ್ತು. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ 1928ರಿಂದ ನಡೆಸುತ್ತ ಬಂದ ಎಎಂಐಇ ಪರೀಕ್ಷೆಯನ್ನು ಕೇಂದ್ರ ಸರ್ಕಾರ ಬಿ.ಇ.ಗೆ ಸಮವೆಂದು ಒಪ್ಪುತ್ತಿತ್ತು. 2013ರ ಮೇ 31ರ ನಂತರ ನೋಂದಾಯಿಸಿದವರಿಗೆ ಆ ಮನ್ನಣೆ ನಿಂತಿತು. ಅಂಚೆ ಮೂಲಕ ಬಂದ ಇಂಜಿನಿಯರಿಂಗ್ ಪದವಿಗಳ ಗತಿ ಇನ್ನೂ ಶೋಚನೀಯ: ಒಡಿಶಾದ ನೀರಾವರಿ ನಿಗಮವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ, ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು 2001ರಿಂದ 2005ರ ನಡುವೆ ಸೇರಿಸಿಕೊಂಡವರ ಪದವಿಗಳನ್ನು ಅಮಾನತಿನಲ್ಲಿರಿಸಿ, ಅವರು ಹೊಸದಾಗಿ ಪರೀಕ್ಷೆಗೆ ಕೂರಬೇಕೆಂದಿತು. ಈ ಗೊಂದಲಗಳ ಎದುರು ಗಣಿಯ ಸರ್ಟಿಫಿಕೇಟು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ, ಏಕೆಂದರೆ ಗಣಿಯ ಅನುಭವವನ್ನು ಅಂಚೆಯಲ್ಲಿ ತರಿಸಿಕೊಳ್ಳಲಾಗದು.

ಆದರೆ ಸಂಡೂರಿನವರಿಗೆ ಈ ಪ್ರಾಮಾಣಿಕತೆಯೇ ತೊಡಕಾಗಿದೆ. ಇಲ್ಲಿನ ಗಣಿಗಳು ಬಹುತೇಕ ಎಲ್ಲವೂ ಓಪನ್‌ಕಾಸ್ಟ್, ಅಂದರೆ ಗುಡ್ಡವನ್ನು ಮೇಲಿನಿಂದ ಬೆಂಚು ಬೆಂಚಾಗಿ ಕಡಿಯುತ್ತ ಇಳಿಯುವ ತೆರೆದ ಗಣಿಗಳಾದ್ದರಿಂದ, ಇಲ್ಲಿಯ ಅನುಭವದ ಮೇಲೆ ಸಿಗುವುದು ‘ರಿಸ್ಟ್ರಿಕ್ಟೆಡ್’ ಸರ್ಟಿಫಿಕೇಟು. ಅದು ತೆರೆದ ಗಣಿಗೆ ಮಾತ್ರ ಸಲ್ಲುತ್ತದೆ, ನೆಲದೊಳಗಿನ ಗಣಿಗೆ ಸಲ್ಲುವುದಿಲ್ಲ. ಈ ನಿರ್ಬಂಧ ಕಳೆದುಕೊಳ್ಳಬೇಕಾದರೆ ಸುರಂಗದೊಳಗೆ ಮತ್ತೆ ಅನುಭವ ಗಳಿಸಿ, ಗಾಳಿ ಸಂಚಾರ, ಬೆಂಕಿ, ನೀರು ನುಗ್ಗುವಿಕೆಯಂಥ ವಿಷಯಗಳಲ್ಲಿ ಪರೀಕ್ಷೆ ಎದುರಿಸಬೇಕು. ಇದರಲ್ಲಿ ತಪ್ಪೇನಿಲ್ಲ, ಮೂರು ಕಿಲೋಮೀಟರು ಆಳದ ಕತ್ತಲೆಯನ್ನು ಬಿಸಿಲಲ್ಲಿ ನಿಂತು ಕಲಿಯಲು ಬರುವುದಿಲ್ಲ. ಆದರೆ ಅಂಥ ಆಳವಿದ್ದ ಕೋಲಾರದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಯಾವ ಗಣಿಯ ಸಾವುಗಳು ದೇಶಕ್ಕೆ ಗಣಿ ಕಾನೂನು ಕೊಡಲು ನೆಪವಾದವೋ, ಆ ಕಾನೂನು ಕೇಳುವ ಅನುಭವವನ್ನು ಕೊಡಲು ಆ ಗಣಿಯೇ ಉಳಿಯಲಿಲ್ಲ. ಕೆಜಿಎಫ್ ಮುಚ್ಚಿದ್ದನ್ನು ಚಿನ್ನದ ಲೆಕ್ಕದಲ್ಲಿ ಅತ್ತವರು ಬಹಳ, ಅದೊಂದು ಪಾಠಶಾಲೆಯಾಗಿತ್ತು ಎಂದು ನೆನೆದವರು ವಿರಳ. ಅಲ್ಲಿಂದಾಚೆಗೆ ಕನ್ನಡ ನಾಡಿನಲ್ಲಿ ಸುರಂಗದ ಅನುಭವ ಬೇಕೆಂದವರಿಗೆ ಮುಖ್ಯವಾಗಿ ಉಳಿದದ್ದು ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಅಲ್ಲಿಗೆ ಹೋಗುವುದೆಂದರೆ ಸಂಜೆ ಕಾಲೇಜಿಗೆ ಹೋದ ಹಾಗಲ್ಲ. ಸಂಡೂರಿನ ದೇವಗಿರಿಯಲ್ಲೋ ದೋಣಿಮಲೈಯಲ್ಲೋ ಇರುವ ಗಣಿ ಕೆಲಸವನ್ನು ಉಳಿಸಿಕೊಂಡು ಹಟ್ಟಿಯ ಸುರಂಗದಲ್ಲೂ ದಿನ ತುಂಬಿಸುವುದು ಯಾರಿಂದಲೂ ಆಗದ ಮಾತು.

ತೆರೆದ ಗಣಿಯ ಅನುಭವದ ಲೆಕ್ಕವೂ ಒಮ್ಮೆ ಥಟ್ಟನೆ ನಿಂತಿತು. ಅಕ್ರಮ ಗಣಿಗಾರಿಕೆ ಕುರಿತ ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಸಂಡೂರೂ ಸೇರಿದ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಯಿತು. ಕಾಡು, ಕೆರೆ, ರಸ್ತೆಗಳಿಗೆ ಆಗಿದ್ದ ಗತಿ ನೋಡಿದರೆ ಆ ತಡೆ ತಡವಾಗಿಯೇ ಬಂತು ಎನ್ನಬೇಕು. ಆದರೆ ಲಾರಿ ಮಾಲೀಕರ ಸಾಲದ ಬಗ್ಗೆ, ಹೊಸಪೇಟೆಯ ಬಿಕೋ ಎನ್ನುವ ವಹಿವಾಟಿನ ಬಗ್ಗೆ ಹರಿದ ಶಾಯಿಯಲ್ಲಿ, ಫೋರ್‌ಮನ್ ಪರೀಕ್ಷೆಗೆ ವರ್ಷ ಎಣಿಸುತ್ತಿದ್ದ ಮೇಟನ ಪಾಲು ಅಷ್ಟಕ್ಕಷ್ಟೆ. ಅನುಭವವನ್ನು ದೃಢೀಕರಿಸಬೇಕಾದವನು ಗಣಿಯ ಮ್ಯಾನೇಜರ್. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ, ಅಂದರೆ ಅತಿ ಹೆಚ್ಚು ಅಕ್ರಮ ಕಂಡುಬಂದ, ಗುತ್ತಿಗೆಗಳನ್ನೇ ರದ್ದುಪಡಿಸಿದ ಮೇಲೆ ಅಂಥ ಗಣಿಗಳಲ್ಲಿ ಮ್ಯಾನೇಜರೂ ಇಲ್ಲ, ಕಚೇರಿಯೂ ಇಲ್ಲ. ಸಾರ್ವಜನಿಕ ವಲಯದ ಎನ್‌ಎಂಡಿಸಿಗೆ ಮಾತ್ರ 2011ರ ಆಗಸ್ಟಿನಲ್ಲೇ ತಿಂಗಳಿಗೆ 10 ಲಕ್ಷ ಟನ್ ಅದಿರು ತೆಗೆಯಲು ಕೋರ್ಟು ಒಪ್ಪಿದ್ದರಿಂದ, ಅದರ ದೋಣಿಮಲೈ ಗಣಿಯ ನೌಕರನ ಅನುಭವದ ವರ್ಷಗಳು ಕೂಡುತ್ತಲೇ ಹೋದವು. ಅದೇ ಸಾಲುಗುಡ್ಡದ ಪಕ್ಕದ ಖಾಸಗಿ ಗಣಿಯಲ್ಲಿ ಅದೇ ಕೆಲಸ ಮಾಡುತ್ತಿದ್ದವನ ಲೆಕ್ಕ ಜುಲೈ 29ಕ್ಕೇ ನಿಂತಿತ್ತು.