ಹೆಪ್ಪಿನ ಮೇರೆ

ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲೆಲ್ಲ ಮೊಸರಾಗಿರುತ್ತದೆ. ರಕ್ತ ಗಟ್ಟಿಯಾಗುವುದಕ್ಕೂ ನಮ್ಮ ಭಾಷೆ ಹೆಪ್ಪುಗಟ್ಟುವುದೆಂಬ ಅದೇ ಮಾತನ್ನು ಬಳಸುತ್ತದೆ. ಆದರೆ ಈಳಿಗೆಯ ಅಲಗು ತಾಗಿದ ಹೆಬ್ಬೆರಳಿನಲ್ಲಿ ಮೂಡಿದ ಹೆಪ್ಪು, ಎಡೆಬಿಡದೆ ಹರಿಯುವ ಪ್ರವಾಹವನ್ನು ಹಿಡಿದು ಮೊಳಕೈಗೂ ಎದೆಗೂ ವ್ಯಾಪಿಸದೆ, ಎಳ್ಳಿನಷ್ಟು ಜಾಗದಲ್ಲಿಯೇ ನಿಂತುಬಿಡುವುದೇಕೆ?

ರಕ್ತರಸದ ಪ್ರತಿ ಲೀಟರಿನಲ್ಲಿ 2ರಿಂದ 4 ಗ್ರಾಮಿನಷ್ಟು ಫೈಬ್ರಿನೋಜೆನ್ ಎಂಬ ಪ್ರೋಟೀನು ಕರಗಿರುತ್ತದೆ. ನಾಳ ಹರಿದೆಡೆಯಲ್ಲಿ ಹುಟ್ಟುವ ಥ್ರಾಂಬಿನ್ ಎಂಬ ಕಿಣ್ವವು ಇದರ ತುಣುಕುಗಳನ್ನು ಕತ್ತರಿಸಿದೊಡನೆ, ಉಳಿದ ಭಾಗಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆದರೆ ಅದೇ ಥ್ರಾಂಬಿನ್, ಗಾಯಗೊಳ್ಳದ ನಾಳದ ಒಳಭಿತ್ತಿಯನ್ನು ಮುಟ್ಟಿ ಅಲ್ಲಿನ ಥ್ರಾಂಬೋಮಾಡ್ಯುಲಿನ್ನಿಗೆ ಅಂಟಿಕೊಂಡಾಗ, ಬಲೆ ನೇಯುವ ಕಾರ್ಯವನ್ನು ತೊರೆದು, ಪ್ರೋಟೀನ್ ಸಿ ಎಂಬುದನ್ನು ಎಚ್ಚರಿಸುತ್ತದೆ; ಎಚ್ಚೆತ್ತ ಪ್ರೋಟೀನ್ ಸಿ, ಪ್ರೋಟೀನ್ ಎಸ್‌ನ ನೆರವಿನಿಂದ, ಥ್ರಾಂಬಿನ್ನಿನ ಉತ್ಪತ್ತಿಗೆ ಬೇಕಾದ ಐದನೆಯ ಮತ್ತು ಎಂಟನೆಯ ಘಟಕಗಳನ್ನೇ ಕಡಿದುಹಾಕುತ್ತದೆ. ಬೆಂಕಿ ಹಚ್ಚಿದ ಕೈಯೇ ಮೇರೆ ದಾಟಿದೊಡನೆ ನೀರು ಸುರಿಯುವಂತಹ ಈ ವ್ಯವಸ್ಥೆಯನ್ನು ಎಷ್ಟು ಸಲ ನೆನೆದರೂ ನನ್ನ ಬೆರಗು ತಗ್ಗಿದ್ದಿಲ್ಲ. ಇದಲ್ಲದೆ, ತಪ್ಪಿಸಿಕೊಂಡು ತೇಲಿಹೋಗುವ ಥ್ರಾಂಬಿನ್ನನ್ನು ಒಂದಕ್ಕೊಂದರಂತೆ ಹಿಡಿದು ನಿಷ್ಕ್ರಿಯಗೊಳಿಸಲು ಆಂಟಿಥ್ರಾಂಬಿನ್ ರಕ್ತದಲ್ಲಿ ಸದಾ ಸಂಚರಿಸುತ್ತಿರುತ್ತದೆ.

ಈ ಕಾವಲು ಹುಟ್ಟಿನಿಂದಲೇ ಸಡಿಲವಾಗಿದ್ದರೆ ಕಾಲಿನ ಆಳದ ಅಭಿಧಮನಿಯಲ್ಲಿ ಗಾಯವಿಲ್ಲದೆಯೂ ಹೆಪ್ಪು ಮೂಡಿ, ಕಳಚಿ, ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾಗಬಹುದು. ನಾರ್ವೆಯ ಎಗೆಬರ್ಗ್ 1965ರಲ್ಲಿ ಆಂಟಿಥ್ರಾಂಬಿನ್ನಿನ ಕೊರತೆಯಿದ್ದ ಒಂದು ಕುಟುಂಬವನ್ನು ವರ್ಣಿಸಿದರು. ಹಾಲೆಂಡಿನ ಲೈಡನ್ ನಗರದ ಸಂಶೋಧಕರು 1994ರಲ್ಲಿ ಗುರುತಿಸಿದ ದೋಷವಾದರೋ ಇನ್ನೂ ಸೂಕ್ಷ್ಮವಾದದ್ದು: ಐದನೆಯ ಘಟಕದ 506ನೆಯ ಸ್ಥಾನದಲ್ಲಿ ಆರ್ಜಿನಿನ್ ಬದಲು ಗ್ಲುಟಮಿನ್ ಕುಳಿತಿರುವುದರಿಂದ, ಪ್ರೋಟೀನ್ ಸಿಗೆ ಕಡಿಯಬೇಕಾದ ಗೆಣ್ಣೇ ಸಿಗುವುದಿಲ್ಲ. ಇದನ್ನು ಹೊತ್ತವರಲ್ಲಿ ಬಹುಮಂದಿಗೆ ಜೀವಮಾನವೆಲ್ಲ ಏನೂ ಆಗದು; ಬಸಿರು, ಶಸ್ತ್ರಚಿಕಿತ್ಸೆ, ಬಹುಕಾಲದ ಹಾಸಿಗೆವಾಸ ಇವು ಕೂಡಿಬಂದಾಗ ಅಪಾಯವು ಇನ್ನಷ್ಟು ಬೆಳೆಯುತ್ತದೆ.

ಚಿಕಿತ್ಸೆಯಲ್ಲಿಯೂ ಈ ತೂಕವನ್ನು ಮರೆಯುವಂತಿಲ್ಲ. ಕೆ ಜೀವಸತ್ವದ ಕೆಲಸವನ್ನು ತಡೆಯುವ ವಾರ್ಫರಿನ್ ಗುಳಿಗೆಯು ಹೆಪ್ಪು ಕಟ್ಟುವ ಪ್ರೋಥ್ರಾಂಬಿನ್ನನ್ನೂ ಹೆಪ್ಪು ತಡೆಯುವ ಪ್ರೋಟೀನ್ ಸಿಯನ್ನೂ ಒಟ್ಟಿಗೇ ಕುಗ್ಗಿಸುತ್ತದೆ. ಆದರೆ ಅಲ್ಪಾಯುವಾದ ಪ್ರೋಟೀನ್ ಸಿ ಮೊದಲು ಕ್ಷೀಣಿಸಿ, ಪ್ರೋಥ್ರಾಂಬಿನ್ ಇನ್ನೂ ಕೆಲವು ದಿನ ಉಳಿಯುವುದರಿಂದ, ಆ ನಡುವಿನ ದಿನಗಳಲ್ಲಿ ವೈದ್ಯರು ಆಂಟಿಥ್ರಾಂಬಿನ್ನಿನ ವೇಗವನ್ನು ಸುಮಾರು 1,000 ಪಟ್ಟು ಹೆಚ್ಚಿಸುವ ಹೆಪಾರಿನ್ನನ್ನು ಜತೆಗೇ ಕೊಡುತ್ತಾರೆ.