ಮೂರು ಗಂಟೆ ಖಾಲಿ ಬಿಟ್ಟ ಸಮುದ್ರ

ಊಟದ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿದ್ದಾರೆ ಎಂದರೆ ಸಮುದ್ರ ಕೆಡಲಿದೆ ಎಂದೇ ಅರ್ಥ. ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ. ಕೇಪ್‌ಟೌನ್ ಬಿಟ್ಟ ಮೇಲೆ ಹಡಗಿನಲ್ಲಿ ನಾನು ಕಲಿತ ಮೊದಲ ಪಾಠ ಇದು.

ನನ್ನೂರು ದಾವಣಗೆರೆ, ಕೆಲಸ ಚೆನ್ನೈನಲ್ಲಿ. ಎಂ.ಟೆಕ್ ಮುಗಿಸಿ, ಸಾಗರ ಸಂಶೋಧನೆಯ ಉಪಕರಣಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಹಾಗಾಗಿ ಅಂಟಾರ್ಕ್ಟಿಕಾ ಕಡೆಗೆ ಹೊರಟ ಹಡಗಿನಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ನಮಗೆ ಜನವರಿಯ ಚಳಿ, ಅಲ್ಲಿ ಬೇಸಿಗೆ.

ದಕ್ಷಿಣ ಅಕ್ಷಾಂಶ 40 ದಾಟಿದರೆ ‘ಗರ್ಜಿಸುವ ನಲವತ್ತು’, ಮುಂದೆ ‘ರೊಚ್ಚಿಗೆದ್ದ ಐವತ್ತು’ ಎಂದು ನಾವಿಕರು ಹೆಸರಿಟ್ಟಿದ್ದಾರೆ. ಅಲ್ಲಿ ಗಾಳಿಗೆ ಅಡ್ಡ ಬರುವ ನೆಲವೇ ತೀರಾ ಕಡಿಮೆ. ಅಲೆಗಳು ಬೆಳೆಯುತ್ತಲೇ ಬರುತ್ತವೆ. ಕುರ್ಚಿಯನ್ನು ಕಟ್ಟಿ ಕೂರಬೇಕು. ಹಾಸಿಗೆಯ ಒಂದು ಅಂಚಿನಡಿ ಲೈಫ್ ಜಾಕೆಟ್ ತುರುಕಿ, ಗೋಡೆಗೆ ಒತ್ತಿಕೊಂಡು ಮಲಗಬೇಕು. ಇಲ್ಲದಿದ್ದರೆ ನೆಲಕ್ಕೆ ಉರುಳುವುದೇ. ಸ್ನಾನಕ್ಕೂ ಒಂದೇ ಕೈ, ಇನ್ನೊಂದು ಕೈ ಕಂಬಿ ಹಿಡಿದಿರಬೇಕು. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ಮುಚ್ಚಿಯೇ ಇತ್ತು. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಒಣ ಬಿಸ್ಕತ್ತು ಮಾತ್ರ.

ನನ್ನ ಪಾಳಿ ರಾತ್ರಿ 12ರಿಂದ 4. ಹಡಗಿನ ತಳದಿಂದ ಪಂಪು ಸಮುದ್ರದ ನೀರನ್ನು ಸದಾ ಎಳೆಯುತ್ತಿರುತ್ತದೆ. ಅದರ ಉಷ್ಣತೆ, ಉಪ್ಪಿನಂಶ ಕ್ಷಣಕ್ಷಣವೂ ದಾಖಲಾಗುತ್ತವೆ. ಹಡಗು ಹೊಯ್ದಾಡಿದಾಗ ಪೈಪಿಗೆ ಗಾಳಿಗುಳ್ಳೆ ನುಗ್ಗಿ ಅಳತೆ ಕೆಡುತ್ತದೆ. ಆಗ ನಾನೇ ಬರೆದ ಪ್ರೋಗ್ರಾಂ ಅಲಾರಂ ಹೊಡೆಯುತ್ತದೆ.

ಆ ರಾತ್ರಿ ಅಲಾರಂ ನಿಲ್ಲಲೇ ಇಲ್ಲ. ಎರಡು ಸಲ ವಾಂತಿಯಾಗಿ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಅಲಾರಂ ಬಂದ್ ಮಾಡಿ, ಹತ್ತು ನಿಮಿಷ ಎಂದುಕೊಂಡು ಪ್ರಯೋಗಾಲಯದ ನೆಲದ ಮೇಲೆಯೇ ಒರಗಿದೆ. ಎಬ್ಬಿಸಿದವನು ಮುಂದಿನ ಪಾಳಿಯ ಹುಡುಗ. ಗಂಟೆ ನಾಲ್ಕಾಗಿತ್ತು. ಪಂಪು ನಿಂತು ಮೂರು ಗಂಟೆ ಕಳೆದಿತ್ತು.

ಪಂಪು ಮತ್ತೆ ಶುರು ಮಾಡಿ ನೋಡಿದರೆ, 5 ಡಿಗ್ರಿ ಇದ್ದ ನೀರು 2 ಡಿಗ್ರಿಗೆ ಇಳಿದಿದೆ! ಎದೆ ಧಸಕ್ಕೆಂದಿತು. ಅಂಟಾರ್ಕ್ಟಿಕಾದ ತಣ್ಣೀರು ಉತ್ತರದ ಬೆಚ್ಚಗಿನ ನೀರನ್ನು ಸಂಧಿಸಿ ಅದರಡಿ ಇಳಿಯುವ ಗಡಿಯನ್ನು ನಾವು ದಾಟಿಬಿಟ್ಟಿದ್ದೆವು. ಅದನ್ನು ಅಳೆಯಬೇಕೆಂದೇ ತಂಡದ ಅರ್ಧ ಜನ ಬಂದಿದ್ದರು.

ಎರಡು ಸಾಲು ಕೋಡ್ ಬರೆದರೆ 5ಕ್ಕೂ 2ಕ್ಕೂ ನಡುವೆ ನಂಬುವಂಥ ಅಂಕಿಗಳನ್ನು ತುಂಬಬಹುದಿತ್ತು. ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. ಚೆನ್ನೈನಲ್ಲಿ ಸರ್ವರ್ ಕೆಟ್ಟರೆ ಬ್ಯಾಕಪ್ ಇರುತ್ತದೆ. ದಾಟಿಹೋದ ನೀರಿಗೆ ಬ್ಯಾಕಪ್ ಎಲ್ಲಿಂದ ತರುವುದು?

ಬೆಳಿಗ್ಗೆ ಮುಖ್ಯ ವಿಜ್ಞಾನಿ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಖಾಲಿ ಇದ್ದದ್ದು ಖಾಲಿಯೇ ಇರಲಿ. ಯಾಕೆ ಖಾಲಿ ಅಂತ ಲಾಗ್‌ಬುಕ್ಕಿನಲ್ಲಿ ಬರೀರಿ. ಮುಂದೆ ಯಾರೋ ಇದನ್ನೇ ನಂಬಿ ಲೆಕ್ಕ ಹಾಕ್ತಾರೆ’ ಎಂದರು. ‘ಅಲಾರಂ ಬಂದ್ ಮಾಡಿದವನು ನಾನು’ ಎಂದು ಬರೆದು ಸಹಿ ಹಾಕಿದೆ. ಮಧ್ಯಾಹ್ನ ಊಟಕ್ಕೆ ಅವರೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಕೆಲವು ದಿನ ಕಳೆದು ತೇಲುವ ಮಂಜುಗಡ್ಡೆಗಳ ನಡುವೆ ಬಂದೆವು. ಮಂಜು ಅಲೆಗಳನ್ನು ಅದುಮಿಬಿಡುತ್ತದೆ, ಹಡಗು ಒಮ್ಮೆಲೇ ಸ್ತಬ್ಧ. ಅಂದು ಚಟ್ನಿಪುಡಿಯ ಡಬ್ಬಿ ತೆರೆದೆ. ಮೇಜು ಸುತ್ತಿ ಬರುವಷ್ಟರಲ್ಲಿ ಅರ್ಧ ಖಾಲಿ. ಸ್ಯಾಟಲೈಟ್ ಫೋನಿನಲ್ಲಿ ಅವ್ವ ಕೇಳಿದ್ದು ಒಂದೇ ಮಾತು: ‘ಉಂಡೆಯೇನಪ್ಪಾ?’

ವಾಪಸ್ ಬರುವಾಗ ಅದೇ ಗಡಿ ದಾಟಿದೆವು. ನನ್ನ ಪಾಳಿಯಲ್ಲದಿದ್ದರೂ ಪರದೆಯ ಮುಂದೆ ಕೂತಿದ್ದೆ. 2, 3, 4... ಅಂಕಿ ಏರುತ್ತಾ ಹೋಯಿತು, ಒಂದೂ ತಪ್ಪಲಿಲ್ಲ. ಆದರೆ ಅದು ಬೇರೆ ದಿನದ ನೀರು. ಆ ರಾತ್ರಿಯ ಮೂರು ಗಂಟೆಯ ಸಾಲುಗಳು ಕಡತದಲ್ಲಿ ಇಂದಿಗೂ ಖಾಲಿಯೇ ಇವೆ.