ಹಲ್ಲುನೋವು ಅಂತ ಮನಿಯಾಗ ಕೂಡಬ್ಯಾಡ್ರಿ

ಸಕ್ಕರೆ ಕಾಯಿಲೆಯವರಿಗೆ ‘ಬ್ಲ್ಯಾಕ್ ಫಂಗಸ್’ ಅಪಾಯ ಈಗಲೂ ಇದೆ

ಅಕ್ಕಲಕೋಟ: ‘ಒಂದ ಮಗ್ಗಲ ಮಾರಿ ಬಾತೈತಿ, ಹಲ್ಲ ನೋಯಾಕತ್ತಾವ.’ ಗಡಿ ಭಾಗದ ಮನೆಗಳಲ್ಲಿ ಇಂಥ ಮಾತು ಕೇಳಿದರೆ ಲವಂಗ ಇಟ್ಟು, ನೋವಿನ ಗುಳಿಗೆ ಕೊಟ್ಟು ಮಲಗಿಸುವುದು ರೂಢಿ. ಆದರೆ ಅವರಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದರೆ, ಹೀಗೆ ಕಳೆದ ಒಂದೆರಡು ದಿನ ಕಣ್ಣಿಗೆ, ಜೀವಕ್ಕೆ ಎರವಾಗಬಹುದು.

2021ರ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬಂದ ‘ಬ್ಲ್ಯಾಕ್ ಫಂಗಸ್’ ಅನ್ನು ಜನ ಮರೆತಿಲ್ಲ. ಆ ವರ್ಷದ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ ವರದಿಯಾಗಿದ್ದವು. ಮಹಾರಾಷ್ಟ್ರ ಮುಂಚೂಣಿಯಲ್ಲಿತ್ತು. ಅಲೆ ಇಳಿಯಿತು, ರೋಗ ಹೋಗಲಿಲ್ಲ. ಮ್ಯೂಕರ್‌ಮೈಕೋಸಿಸ್ ಎಂಬ ಈ ರೋಗ ಕೋವಿಡ್‌ಗೆ ಮೊದಲೂ ಇತ್ತು, ಅಪರೂಪಕ್ಕೆ ಈಗಲೂ ಕಾಣಿಸಿಕೊಳ್ಳುತ್ತದೆ.

ಮಣ್ಣು, ತಿಪ್ಪೆ, ಕೊಳೆತ ಎಲೆಗಳಲ್ಲಿ ಬೆಳೆಯುವ ಬೂಷ್ಟು ಇದು. ಇದರ ಕಣ ಎಲ್ಲರ ಮೂಗಿಗೂ ಹೋಗುತ್ತದೆ, ಗಟ್ಟಿ ದೇಹ ಅದನ್ನು ಕೊಲ್ಲುತ್ತದೆ. ಸಕ್ಕರೆ ವಿಪರೀತ ಏರಿದವರು, ಬಹಳ ದಿನ ಸ್ಟಿರಾಯ್ಡ್ ನುಂಗಿದವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್ ಇರುವವರಲ್ಲಿ ಅದು ಬೇರು ಬಿಡುತ್ತದೆ. ರಕ್ತನಾಳ ಹೊಕ್ಕು ರಕ್ತ ತಡೆಯುವುದರಿಂದ ಮಾಂಸ ಸತ್ತು ಕಪ್ಪಾಗುತ್ತದೆ. ಮೂಗಿನಿಂದ ಕಣ್ಣಿಗೆ, ಅಲ್ಲಿಂದ ಮಿದುಳಿಗೆ ಕೆಲವೇ ದಿನಗಳ ದಾರಿ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ರೋಗಿಯನ್ನು ದೂರ ಇಡಬೇಕಿಲ್ಲ.

ಲಕ್ಷಣಗಳೇನು?: ಒಂದೇ ಬದಿಯ ಮುಖ ಬಾವು, ನೋವು ಅಥವಾ ಜೋಮು, ಮೂಗು ಕಟ್ಟಿ ಕಪ್ಪು ಇಲ್ಲವೆ ರಕ್ತ ಬೆರೆತ ಸಿಂಬಳ, ಮೇಲಿನ ಹಲ್ಲು ಸಡಿಲಾಗುವುದು, ಅಂಗಳದಲ್ಲಿ ಕಪ್ಪು ಕಲೆ, ರೆಪ್ಪೆ ಜೋತು ಒಂದು ವಸ್ತು ಎರಡಾಗಿ ಕಾಣುವುದು. ಕಪ್ಪು ಕಾಣಲಿ ಎಂದು ಕಾಯಬಾರದು, ಅಷ್ಟರಲ್ಲಿ ಮಾಂಸ ಸತ್ತಿರುತ್ತದೆ.

ವೈದ್ಯರು ಮೂಗಿನೊಳಗೆ ದುರ್ಬೀನು ಹಾಕಿ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಎಷ್ಟು ಹಬ್ಬಿದೆ ಎಂಬುದು ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಸತ್ತ ಭಾಗ ಕತ್ತರಿಸಿ ತೆಗೆಯುವುದು, ಆಂಫೊಟೆರಿಸಿನ್ ಬಿ ಇಂಜೆಕ್ಷನ್, ಸಕ್ಕರೆ ಇಳಿಸುವುದು: ಮೂರೂ ಒಟ್ಟಿಗೇ ಆಗಬೇಕು. ಇಂಜೆಕ್ಷನ್ ವಾರಗಟ್ಟಲೆ ನಡೆಯುತ್ತದೆ. ಅದು ಕಿಡ್ನಿಗೆ ಭಾರವಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಗಜಕರ್ಣಕ್ಕೆ ಕೊಡುವ ಫ್ಲುಕೊನಜೋಲ್ ಗುಳಿಗೆ ಇದಕ್ಕೆ ನಾಟುವುದಿಲ್ಲ.

ಅಕ್ಕಲಕೋಟ, ಜತ್ತ ಕಡೆಯವರು ಸೊಲ್ಲಾಪುರ, ಮಿರಜ ಅಥವಾ ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅದೇ ದಿನ ಹೊರಡುವುದು ಲೇಸು. ಹಳೆಯ ಚೀಟಿ, ಗುಳಿಗೆಯ ಖಾಲಿ ಪಟ್ಟಿ ಚೀಲದಲ್ಲಿರಲಿ. ಕನ್ನಡವೋ ಮರಾಠಿಯೋ, ಬಂದ ಭಾಷೆಯಲ್ಲೇ ಎರಡು ಮಾತು ಮೊದಲು ಹೇಳಿ: ‘ಶುಗರ್ ಐತ್ರಿ, ಒಂದ ಮಗ್ಗಲ ನೋಯಾಕತ್ತೈತ್ರಿ.’